ಅಕ್ಕಪಕ್ಕದವರು

ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ, ಎಕ್ಸರೇ ಕೋಣೆಯ ಹಿಂದೆ,
ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ ಬರುವ ಒಂದೇ ಕಿಟಕಿಯ ಲ್ಯಾಬಿನಲ್ಲಿ
ಮೇಣದಲ್ಲಿ ಕೂರಿಸಿದ ಚೂರುಗಳನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯುವುದು ನನ್ನ ಕೆಲಸ.
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಗಾಜಿನಲ್ಲಿ ಎತ್ತಿಕೊಂಡು,
ನೀಲಿಗೊಮ್ಮೆ, ಗುಲಾಬಿಗೊಮ್ಮೆ ಅದ್ದಿ, ನಂಬರು ಬರೆಯುವುದು.
ಓದುವುದು ಡಾಕ್ಟರಮ್ಮನ ಕೆಲಸ.
ಹತ್ತೊಂಬತ್ತು ವರ್ಷ ಕೊಯ್ದವಳಿಗೆ
ಓದದೆಯೂ ಇರಲಾಗುವುದಿಲ್ಲ.

ಇವತ್ತಿನದು ಎರಡು ಸಾವಿರದ ನಾನೂರ ಹದಿನಾರು.
ಗರ್ಭದ ಕೊರಳಿನ ಚೂರು, ಮೆಣಸಿನಕಾಳಿನಷ್ಟು.

ನೀಲಿ ಗುಂಪುಗಳೇನೋ ಗೊತ್ತಿದ್ದವೇ:
ದೊಡ್ಡ ಕಣ್ಣು, ಒರಟು ಮೈ, ಸಾಲು ತಪ್ಪಿದ ನಿಲುವು.
ಕಳ್ಳನನ್ನು ಕಂಡರೆ ಕಳ್ಳ ಅನ್ನಬಹುದು.
ನನ್ನ ಕಣ್ಣು ನಿಂತದ್ದು ಸುತ್ತಲಿನ ಗುಲಾಬಿಯಲ್ಲಿ.
ಕದಿರಿನಂತೆ ಎರಡೂ ತುದಿ ಸಪೂರಾದ,
ಯಾರ ಗೋಜಿಗೂ ಹೋಗದ ಜೀವಕೋಶಗಳು;
ಫೈಬ್ರೋಬ್ಲಾಸ್ಟ್ ಅಂತ ಅವುಗಳ ಹೆಸರು.
ಗಾಯವಾದಲ್ಲಿಗೆ ಓಡಿಹೋಗಿ ನಾರು ನೇಯುವವು.
ಬಾಣಂತಿಯ ಹರಿದ ಮೈಯನ್ನು ಹೊಲಿದು
ಹೆಸರು ಹೇಳದೆ ಸರಿದವು.

ಅವೇ ಈಗ
ಗೆಡ್ಡೆಯ ಸುತ್ತ ಟೊಂಕ ಕಟ್ಟಿ ನಿಂತಿವೆ.

ನಮ್ಮೂರು ಕೊತ್ತತ್ತಿ ಕಡೆ, ನಾಲೆಯ ಕೊನೆಯ ತೂಬು.
ನನ್ನ ತಾತ ನೀರುಗಂಟಿ.
ಸರದಿಯಂತೆ ಎಲ್ಲರ ಗದ್ದೆಗೂ ನೀರು ಹಾಯಿಸುವವನು
ಒಂದು ಬೇಸಿಗೆ, ಯಾರದೋ ಕಿವಿಮಾತಿಗೆ,
ನಡುರಾತ್ರಿ ಒಬ್ಬನ ಕಬ್ಬಿಗೇ ಮಡೆ ತಿರುಗಿಸಿದ.
ಗುದ್ದಲಿ ಅದೇ. ಕೈ ಅದೇ. ಬದು ಅವನೇ ಕಟ್ಟಿದ್ದು;
ಎಲ್ಲಿ ಕಡಿದರೆ ನೀರು ಎತ್ತ ಓಡುತ್ತದೆಂದು
ಅವನಿಗಲ್ಲದೆ ಯಾರಿಗೆ ಗೊತ್ತು?

ಗೆಡ್ಡೆ ಏನೋ ಉಸುರಿತು. ಇವು ಕೇಳಿಸಿಕೊಂಡವು,
ಆರದ ಗಾಯವೆಂದೇ ಬಗೆದು ಕೆಲಸಕ್ಕಿಳಿದವು.
ಉಣ್ಣಲು ಕೊಟ್ಟವು, ರಕ್ತದ ಕಾಲುವೆ ಕರೆತಂದವು,
ಕಾವಲಿನವರು ಒಳಬರದಂತೆ ಬೇಲಿ ಬಿಗಿದವು,
ಸಿಕ್ಕುಸಿಕ್ಕಾಗಿದ್ದ ನಾರನ್ನು ಎಳೆದು ನೆಟ್ಟಗೆ ಮಾಡಿ
ಮೈಸೂರು ರಸ್ತೆಯಂಥ ರಸ್ತೆ ಹಾಸಿದವು.
ಒಂದು ನೀಲಿ, ಅದರ ಹಿಂದೆ ಇನ್ನೊಂದು,
ಬದುವಿನ ಮೇಲೆ ನಾಟಿ ಆಳುಗಳಂತೆ ಸಾಲಾಗಿ
ಹೊರಟೇಬಿಟ್ಟಿವೆ
ಗಾಜಿನ ಅಂಚಿನ ಆಚೆಗೆ.
ಅಲ್ಲಿಂದ ಮುಂದಿನದನ್ನು ನಾನು ಕೊಯ್ದಿಲ್ಲ.

ಚೀಟಿಯಲ್ಲಿ ಹೆಸರಿತ್ತು. ನೋಡಬಾರದಿತ್ತು.
ನಿಂಗಾಜಮ್ಮ, ನಲವತ್ತೇಳು.
ಗೇಟಿನಲ್ಲಿ ಮೊಸರು ಮಾರುವ ನಿಂಗಾಜಮ್ಮ,
ಲೋಟ ತುಂಬಿದ ಮೇಲೂ ಒಂದು ಸೌಟು ಕೊಸರು ಹಾಕುವವಳು.

ಮುಟ್ಟು ನಿಂತು ವರ್ಷವಾದ ಮೇಲೂ ಕಲೆ ಕಂಡಾಗ
ಅತ್ತೆ ಹಳೇ ಸೀರೆ ಹರಿದು ಕೊಟ್ಟಳಂತೆ, ಮೆತ್ತಗಿರಲಿ ಎಂದು.
ನಾದಿನಿ ಬೆಳಗಾಗುವ ಮುಂಚೆ ನಾಲೆಯಲ್ಲಿ ಒಗೆದು
ಗಂಡಸರ ಕಣ್ಣಿಗೆ ಬೀಳದ ಕಡೆ ಒಣಗಿಸಿದಳಂತೆ.
ಪಕ್ಕದ ಮನೆಯವಳು ಮೆಂತ್ಯ ನೆನೆಸಿ ತಂದಳು, ಉಷ್ಣ ಅಂತ.
ಎಲ್ಲರೂ ಒಳ್ಳೆಯವರು. ಯಾರೂ ಏನೂ ಕಡಿಮೆ ಮಾಡಲಿಲ್ಲ.
ಗರ್ಭಕ್ಕೂ ಒಂದು ಕೊರಳಿದೆ.
ಅದು ಕೂಗಿದ್ದು ಬಟ್ಟೆಯ ಮೇಲೆ;
ಒಗೆದುಬಿಟ್ಟರು.

ಹೋದ ದೀಪಾವಳಿಯ ಹಿಂದುಮುಂದು
ಮೊಸರು ಅಳೆಯುತ್ತ, ದನಿ ತಗ್ಗಿಸಿ, ನನ್ನನ್ನೂ ಕೇಳಿದ್ದಳು.
ಬಸ್ಸಿನ ಹೊತ್ತು. ಚಿಲ್ಲರೆ ಹುಡುಕುತ್ತಿದ್ದೆ.
"ವಯಸ್ಸು ಕಣಕ್ಕ, ಎಲ್ರಿಗೂ ಆಯ್ತದೆ, ಏನಿಲ್ಲ ಬುಡು" ಅಂದಿದ್ದೆ.
ಅವಳ ಮುಖ ಹಗುರಾಯಿತು.
ಇನ್ನೊಂದು ಸೌಟು ಹಾಕಿದಳು.

ಸ್ಲೈಡನ್ನು ಟ್ರೇಯ ಕೊನೆಗಿಡಬೇಕು. ಮೊದಲಿಗಿಟ್ಟೆ.
ಸರದಿ ತಪ್ಪಿಸಿದ್ದು; ತಾತನ ರಕ್ತ.
ಕೈ ತೊಳೆದೆ. ಉಗುರಿನ ಸಂದಿಯ ಗುಲಾಬಿ ಹೋಗಲಿಲ್ಲ.

ಸಂಜೆ ಗೇಟಿನಲ್ಲಿ
ಮೊಸರಿನ ಮಡಕೆಯ ಹಿಂದೆ ನಾದಿನಿ ಕೂತಿದ್ದಳು.
ಅಳತೆ ಅದೇ.
ಕೇಳದಿದ್ದರೂ ಕೊಸರು ಹಾಕಿದಳು.